ಅಪ್ರದಕ್ಷಿಣೆಯ ದೊರೆ

“ಮೂರು ಗಂಟೆ ಹೊತ್ತು ಅದೇ ಜಾಗದಲ್ಲಿ ಸುತ್ತು ಹೊಡೆಯೋಕೆ ಕಾರು ಯಾಕ್ರೀ ಬೇಕು?” ಅಂದರು ಪಕ್ಕದ ಮನೆ ಮೇಷ್ಟ್ರು, ಕಾಂಪೌಂಡಿನ ಮೇಲೆ ಮೊಣಕೈ ಊರಿಕೊಂಡು. “ದೇವಸ್ಥಾನಕ್ಕೆ ಹೋಗಿ ಪ್ರದಕ್ಷಿಣೆ ಹಾಕಿದ್ರೆ ಪುಣ್ಯಾನಾದ್ರೂ ಬರುತ್ತೆ.”

“ಅದು ಪ್ರದಕ್ಷಿಣೆ ಅಲ್ಲ ಮೇಷ್ಟ್ರೇ, ಅಪ್ರದಕ್ಷಿಣೆ. ಆ ಟ್ರ್ಯಾಕಿನಲ್ಲಿ ಎಡಕ್ಕೇ ತಿರುಗೋದು.”

“ಹಾಗಾದ್ರೆ ಇದ್ದ ಪುಣ್ಯಾನೂ ಹೋಯ್ತು ಬಿಡಿ.”

ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಅಂಥವರನ್ನು ಅಂಕಿಯಿಂದಲೇ ಹಿಡಿಯಬೇಕು. ಅಮೆರಿಕದ ಡೇಟೋನಾ ಟ್ರ್ಯಾಕಿನ ತಿರುವು ನೆಲಕ್ಕೆ 31 ಡಿಗ್ರಿ ಓರೆಯಾಗಿದೆ, ಒಂದು ಸುತ್ತು ನಾಲ್ಕು ಕಿಲೋಮೀಟರು, ಅಂಥವು 200 ಸುತ್ತು ಅಂದೆ. ಮೊಣಕೈ ಒಂದರ ಜೊತೆಗೆ ಇನ್ನೊಂದೂ ಗೋಡೆಗೆ ಬಂತು. ನಮ್ಮ ರಿಚರ್ಡ್ ಪೆಟ್ಟಿ ಇಂಥ ರೇಸುಗಳನ್ನು ಗೆದ್ದದ್ದೂ 200 ಅಂದೆ. ನಮ್ಮ ಅಂದದ್ದಕ್ಕೆ ಮೇಷ್ಟ್ರು ಹುಬ್ಬೇರಿಸಿದರು. ಅಭಿಮಾನಕ್ಕೆ ಪಾಸ್‌ಪೋರ್ಟು ಕೇಳುವವರ ಜೊತೆ ನಾನು ವಾದ ಮಾಡುವುದಿಲ್ಲ. 2006ರಲ್ಲಿ ಬಂದ ‘ಕಾರ್ಸ್’ ಅನ್ನೋ ಕಾರ್ಟೂನ್ ಸಿನಿಮಾದಲ್ಲಿ ರೆಕ್ಕೆಯಿರುವ ಒಂದು ನೀಲಿ ಮುದಿ ಕಾರು ಬರುತ್ತದಲ್ಲ, ಎಲ್ಲರೂ ‘ಕಿಂಗ್’ ಅನ್ನುವ ಕಾರು, ಅದಕ್ಕೆ ದನಿ ಕೊಟ್ಟವನು ಈತನೇ. ಮಕ್ಕಳ ಜೊತೆ ಕೂತು ನೋಡಿದ್ದು. ಮಕ್ಕಳು ಬೇರೆ ಸಿನಿಮಾಕ್ಕೆ ಹೋದರು, ನಾನು ಹಳೇ ರೇಸುಗಳ ವಿಡಿಯೋ ಹುಡುಕುತ್ತ ಅಲ್ಲೇ ಉಳಿದೆ.

ಸ್ಟಾಕ್ ಕಾರು ಅಂದರೆ ಬೇರೇನಲ್ಲ, ಮೊದಮೊದಲು ಅಂಗಡಿಯಿಂದ ತಂದ ಮನೆ ಕಾರೇ. ಅಮೆರಿಕದ ದಕ್ಷಿಣದ ಗುಡ್ಡಗಾಡಿನಲ್ಲಿ ಕಳ್ಳಭಟ್ಟಿ ಸಾಗಿಸುವವರು ಪೊಲೀಸರ ಕೈಗೆ ಸಿಗಬಾರದೆಂದು ಇಂಜಿನ್ನು ಬಲಪಡಿಸಿಕೊಂಡಿದ್ದರು. ಭಾನುವಾರ ಅವೇ ಕಾರುಗಳಲ್ಲಿ ಯಾರದ್ದು ಜೋರು ಅಂತ ಪಂಥ. 1948ರ ಹೊತ್ತಿಗೆ ಇದಕ್ಕೆಲ್ಲ ಒಂದು ಲೆಕ್ಕ, ಒಂದು ನಿಯಮ ಬಂದು ನಾಸ್ಕಾರ್ ಅಂತಾಯಿತು. ಮರುವರ್ಷ ಷಾರ್ಲಟ್‌ನಲ್ಲಿ ನಡೆದ ಮೇಲಿನ ದರ್ಜೆಯ ಮೊದಲ ರೇಸಿಗೆ ಲೀ ಪೆಟ್ಟಿ ಎಂಬಾತ ಸ್ನೇಹಿತರೊಬ್ಬರ ಬ್ಯೂಕ್ ಕಾರನ್ನು ಕಡ ತಂದು ಓಡಿಸಿದ. ಉರುಳಿಸಿ ನುಗ್ಗುನುರಿ ಮಾಡಿದ. ಇನ್ನೊಬ್ಬರ ಕಾರು! ಹನ್ನೊಂದು ವರ್ಷದ ಮಗ ರಿಚರ್ಡ್ ಅದನ್ನು ನೋಡುತ್ತಿದ್ದ.

“ಕಾರು ಕೊಟ್ಟವನು ಏನಂದ?” ಮೇಷ್ಟ್ರಿಗೆ ಅದೇ ಚಿಂತೆ.

ಏನಂದನೋ, ಲೀ ಮಾತ್ರ ಭಾರದ ಕಾರಿನ ಸಹವಾಸ ಬಿಟ್ಟು ಹಗುರವಾದ ಪ್ಲಿಮತ್ ಹಿಡಿದ. ಮುಂದೆ ಮೂರು ಸಲ ಚಾಂಪಿಯನ್ ಆದ. ಇಂಥ ಅಪ್ಪನ ಮನೆಯಲ್ಲಿ ಮಗನಾಗಿರುವುದು ಸುಲಭವಲ್ಲ. ಇಪ್ಪತ್ತೊಂದು ತುಂಬುವ ತನಕ ಸ್ಟೀರಿಂಗ್ ಮುಟ್ಟಕೂಡದು ಎಂದು ಅಪ್ಪಣೆ. ನಾರ್ತ್ ಕೆರೊಲಿನಾದ ಲೆವೆಲ್ ಕ್ರಾಸ್ ಎಂಬ ಪುಟ್ಟ ಊರು, ಮನೆ ಪಕ್ಕದಲ್ಲೇ ಗ್ಯಾರೇಜು. ರಿಚರ್ಡ್ ಅಲ್ಲಿ ನಟ್ಟು ಬೋಲ್ಟು ತಿರುಗಿಸುತ್ತ ಕಾದ. ತಮ್ಮ ಮಾರಿಸ್ ಇಂಜಿನ್ನು ಕಟ್ಟುವುದು ಕಲಿತ, ಸೋದರಸಂಬಂಧಿ ಡೇಲ್ ಇನ್ಮನ್ ಕಾರು ಹದಗೊಳಿಸುವುದು ಕಲಿತ. ಇಪ್ಪತ್ತೊಂದು ತುಂಬಿದ ಅದೇ ತಿಂಗಳು, 1958ರ ಜುಲೈನಲ್ಲಿ, ಕೆನಡಾದ ಟೊರಾಂಟೊದಲ್ಲಿ ಮೇಲಿನ ದರ್ಜೆಯ ಮೊದಲ ರೇಸು. ಮುಂದಿದ್ದವನನ್ನು ಹಿಂದೆ ಹಾಕಲು ಅಪ್ಪ ನುಗ್ಗಿ ಬಂದ, ಹಾದಿಗೆ ಮಗ ಅಡ್ಡ ಇದ್ದ. ಅಪ್ಪ ಗುದ್ದಿದ. ಮಗ ಬೇಲಿಗೆ ಹೋಗಿ ಬಡಿದ. ಅಪ್ಪ ಗೆದ್ದ.

“ಛೆ ಛೆ,” ಅಂದರು ಮೇಷ್ಟ್ರು.

ತಾಳಿ, ಮುಗಿದಿಲ್ಲ. ಮರುವರ್ಷ ಅಟ್ಲಾಂಟಾದ ಲೇಕ್‌ವುಡ್‌ನಲ್ಲಿ ರಿಚರ್ಡ್ ಮೊದಲನೆಯವನಾಗಿ ಬಂದ, ಬಾವುಟ ಬಿತ್ತು. ಜೀವನದ ಮೊದಲ ಗೆಲುವು! ಅಷ್ಟರಲ್ಲಿ ಒಬ್ಬರು ತಕರಾರು ಅರ್ಜಿ ಕೊಟ್ಟರು: ಸುತ್ತಿನ ಲೆಕ್ಕ ತಪ್ಪಿದೆ, ಗೆದ್ದದ್ದು ನಾನು ಅಂತ. ಅರ್ಜಿ ಕೊಟ್ಟವರು ಯಾರು ಹೇಳಿ? ಅಪ್ಪ. ಮತ್ತೆ ಲೆಕ್ಕ ಹಾಕಿದರು, ಅಪ್ಪ ಹೇಳಿದ್ದೇ ಸರಿಯಾಗಿತ್ತು, ಗೆಲುವು ಅಪ್ಪನ ಪಾಲಾಯಿತು. ಮಗನ ಮೊದಲ ಗೆಲುವು 1960ಕ್ಕೆ ಹೋಯಿತು.

ಇಲ್ಲಿ ಮೇಷ್ಟ್ರು ತಟ್ಟನೆ ಪಕ್ಷ ಬದಲಿಸಿದರು. “ಲೆಕ್ಕ ತಪ್ಪಿದ್ರೆ ತಿದ್ದಲೇಬೇಕಲ್ರೀ. ಮಗ ಅಂತ ಮಾರ್ಕ್ಸ್ ಜಾಸ್ತಿ ಕೊಡೋಕಾಗುತ್ತಾ?” ಎಷ್ಟು ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈಯೋ ಅದು. ಅಪ್ಪನ ಮೇಲೆ ನನಗಿದ್ದ ಸಿಟ್ಟು ಮಾತ್ರ ಇಳಿಯಲಿಲ್ಲ. ಆದರೆ ಆ ಸಿಟ್ಟನ್ನು ರಿಚರ್ಡ್ ತೋರಿಸಿಕೊಂಡವನಲ್ಲ. ಅಪ್ಪ ಸೋಲಿಸಿದ, ಅಷ್ಟೇ, ಅನ್ನುವ ಹಾಗೆ ನಗುತ್ತಲೇ ಹೇಳುತ್ತ ಬಂದಿದ್ದಾನೆ.

1961ರಲ್ಲಿ ಡೇಟೋನಾದ ಅರ್ಹತಾ ಪಂದ್ಯಗಳಲ್ಲಿ ಒಂದೇ ದಿನ ಮಗನ ಕಾರೂ ಅಪ್ಪನ ಕಾರೂ ಬೇರೆ ಬೇರೆ ಹೊತ್ತಿಗೆ ಟ್ರ್ಯಾಕಿನ ಗೋಡೆ ಹಾರಿ ಆಚೆಗೆ ಬಿದ್ದವು. ಮಗನಿಗೆ ಸಣ್ಣಪುಟ್ಟ ಗಾಯ. ಅಪ್ಪ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ. ಆಮೇಲೆ ಹೆಚ್ಚೇನೂ ಓಡಿಸಲಿಲ್ಲ. ಮನೆತನದ ಭಾರವೆಲ್ಲ ಆ ನೀಲಿ ಬಣ್ಣದ 43ನೇ ನಂಬರಿನ ಕಾರಿಗೆ ಬಿತ್ತು. ಮುಂದಿನದು ಗೊತ್ತಲ್ಲ: ಏಳು ಚಾಂಪಿಯನ್‌ಷಿಪ್ಪು, ಏಳು ಡೇಟೋನಾ 500 (ಆ 200 ಸುತ್ತಿನ ರೇಸಿನ ಹೆಸರೇ ಅದು). 1967ರ ಒಂದೇ ವರ್ಷ 27 ಗೆಲುವು, ಅದರಲ್ಲಿ ಹತ್ತು ಸಾಲಾಗಿ.

“ಒಟ್ಟು ಎಷ್ಟು ರೇಸು ಓಡಿಸಿದ?” ಮೇಷ್ಟ್ರು ಮೊಬೈಲು ತೆಗೆದರು.

1184 ಅಂದೆ. ಭಾಗಿಸಿದರು. ನೂರಕ್ಕೆ 16.9. ನಾನೇ ಸುಮ್ಮನಿರಲಾರದೆ ಎದುರಾಳಿ ಡೇವಿಡ್ ಪಿಯರ್ಸನ್ನನ ಹೆಸರು ತೆಗೆದೆ: 574 ರೇಸು, 105 ಗೆಲುವು. ಮತ್ತೆ ಭಾಗಿಸಿದರು. 18.3. ಮೇಷ್ಟ್ರ ಮುಖ ಅರಳಿತು. “ಹಾಗಾದ್ರೆ ನಿಮ್ಮ ರಾಜ ಎರಡನೇ ರ‍್ಯಾಂಕು!”

ಅಭಿಮಾನಿ ಅಂದಮೇಲೆ ಇಂಥ ಪೆಟ್ಟು ತಿನ್ನಲೇಬೇಕು. 1972ಕ್ಕೆ ಮುಂಚೆ ವರ್ಷಕ್ಕೆ ಐವತ್ತರ ಹತ್ತಿರ ರೇಸು ಇರುತ್ತಿದ್ದವು, ಎಷ್ಟೋ ಜಾತ್ರೆ ಮೈದಾನದ ಮಣ್ಣಿನ ಟ್ರ್ಯಾಕುಗಳಲ್ಲಿ, ಕೆಲವೇ ಎದುರಾಳಿಗಳ ನಡುವೆ. ಆ 200ರಲ್ಲಿ ಅವೂ ಸೇರಿವೆ. ಇನ್ನು ಪಿಯರ್ಸನ್ ಮತ್ತು ಪೆಟ್ಟಿ ಮೊದಲೆರಡು ಸ್ಥಾನದಲ್ಲಿ ಬಂದದ್ದು 63 ಸಲ, ಅದರಲ್ಲಿ ಪಿಯರ್ಸನ್ ಮುಂದೆ 33 ಸಲ, ಪೆಟ್ಟಿ 30. ತಾನು ಎದುರಿಸಿದವರಲ್ಲಿ ಎಲ್ಲರಿಗಿಂತ ದೊಡ್ಡವನು ಪಿಯರ್ಸನ್ ಅಂತ ಪೆಟ್ಟಿಯೇ ಹೇಳುತ್ತಾನೆ. ಇನ್ನು ನಾನು ವಾದ ಮಾಡಿ ಏನು ಪ್ರಯೋಜನ?

ಆ ಇಬ್ಬರ 1976ರ ಡೇಟೋನಾ ಹೇಳದೆ ಬಿಟ್ಟರೆ ಪಾಪ ಬರುತ್ತದೆ. ಕೊನೆಯ ಸುತ್ತು, ಕೊನೆಯ ತಿರುವು. ಪೆಟ್ಟಿ ಪಿಯರ್ಸನ್ನನ ಪಕ್ಕಕ್ಕೆ ಬಂದು ದಾಟಿ ಮುಂದೆ ಸರಿಯುವಾಗ ಕಾರಿಗೆ ಕಾರು ತಾಗಿತು. ಎರಡೂ ಗೋಡೆಗೆ ಅಪ್ಪಳಿಸಿ ಗಿರಗಿರ ತಿರುಗಿದವು. ಪೆಟ್ಟಿಯ ಕಾರು ಗೆಲುವಿನ ಗೆರೆಗೆ ನಾಲ್ಕು ಮಾರು ಅನ್ನುವಷ್ಟು ಹತ್ತಿರ ಬಂದು ಹುಲ್ಲಿನಲ್ಲಿ ನಿಂತಿತು. ಇಂಜಿನ್ನು ಆಫ್. ಸ್ಟಾರ್ಟ್ ಮಾಡುತ್ತಾನೆ, ಆಗುತ್ತಿಲ್ಲ. ಪಿಯರ್ಸನ್ ಮಾತ್ರ ಕಾರು ತಿರುಗುತ್ತಿರುವಾಗಲೇ ಕ್ಲಚ್ಚು ಒತ್ತಿ ಹಿಡಿದು ಇಂಜಿನ್ನು ಆರದಂತೆ ನೋಡಿಕೊಂಡಿದ್ದ. ಮೂತಿ ಮುರಿದ ಕಾರನ್ನು ಹುಲ್ಲಿನ ಮೇಲೆ ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ ತೆವಳಿಸಿಕೊಂಡು ಬಂದು ಗೆರೆ ದಾಟಿದ. ಅಲ್ಲಿಯತನಕ ಗಂಟೆಗೆ ಮುನ್ನೂರರ ಹತ್ತಿರ ಓಡಿದ ರೇಸು ಹೀಗೆ ಮುಗಿಯಿತು. ಪೆಟ್ಟಿಯ ಹುಡುಗರು ಜಗಳಕ್ಕೆ ಸಜ್ಜಾಗಿದ್ದರು. ಪೆಟ್ಟಿ ತಪ್ಪು ನನ್ನದೇ ಎಂದುಬಿಟ್ಟ.

“ಕ್ಲಚ್ಚು ಒತ್ತಿದ್ನಾ!” ಎಂದು ಮೇಷ್ಟ್ರು ಎರಡು ಸಲ ಹೇಳಿಕೊಂಡರು. ಸ್ಕೂಟರು ಬಿಟ್ಟು ಬೇರೆ ಓಡಿಸಿದವರಲ್ಲ, ಆದರೂ ಅಲ್ಲಿಯ ಸಮಯಪ್ರಜ್ಞೆ ಹಿಡಿಸಿತು.

ಮೂರು ವರ್ಷದ ಮೇಲೆ, 1979ರಲ್ಲಿ, ಅದೇ ಕೊನೆಯ ಸುತ್ತು ಪೆಟ್ಟಿಯ ಕಡೆಗೆ ವಾಲಿತು. ಹುಣ್ಣಾಗಿ ಹೊಟ್ಟೆಯ ಸುಮಾರು ಭಾಗ ಕತ್ತರಿಸಿ ತೆಗೆದು ಎರಡು ತಿಂಗಳಾಗಿತ್ತು, ವೈದ್ಯರು ಬೇಡ ಅಂದಿದ್ದರು. ಬಹಳ ಮುಂದಿದ್ದ ಡಾನಿ ಆಲಿಸನ್ ಮತ್ತು ಕೇಲ್ ಯಾರ್‌ಬರೊ ಒಬ್ಬರಿಗೊಬ್ಬರು ಗುದ್ದಿಕೊಂಡು ಹೊರಗೆ ಹೋದರು. ಪೆಟ್ಟಿ ಹಿಂದಿನಿಂದ ಬಂದು ಗೆದ್ದ. ಮೊದಲಿಂದ ಕೊನೆತನಕ ಟಿವಿಯಲ್ಲಿ ನೇರಪ್ರಸಾರವಾದ ಮೊದಲ ಡೇಟೋನಾ 500 ಅದು, ಅಮೆರಿಕದ ಪೂರ್ವಭಾಗವೆಲ್ಲ ಹಿಮಕ್ಕೆ ಸಿಕ್ಕಿ ಮನೆಯಲ್ಲೇ ಕೂತಿತ್ತು. ಜನ ನೆನಪಿಟ್ಟುಕೊಂಡದ್ದು ಮಾತ್ರ ಗೆದ್ದವನನ್ನಲ್ಲ. ಅತ್ತ ಹುಲ್ಲಿನಲ್ಲಿ ಯಾರ್‌ಬರೊನಿಗೂ ಆಲಿಸನ್ ಅಣ್ಣತಮ್ಮಂದಿರಿಗೂ ಮುಷ್ಟಿಯುದ್ಧ ನಡೆದಿತ್ತಲ್ಲ!

ಹಾಗಂತ ಇದೆಲ್ಲ ನಗುವ ಬಾಬತ್ತೂ ಅಲ್ಲ. 1965ರಲ್ಲಿ ತಾನು ಓಡಿಸುತ್ತಿದ್ದ ಕಾರಿನ ಕಂಪನಿಯ ಇಂಜಿನ್ನಿಗೆ ನಿಷೇಧ ಬಂದು ಪೆಟ್ಟಿ ನೇರ ರಸ್ತೆಯ ಡ್ರ್ಯಾಗ್ ರೇಸಿಗೆ ಹೋದಾಗ, ಜಾರ್ಜಿಯಾದಲ್ಲಿ ಆತನ ಕಾರು ಜನರ ನಡುವೆ ನುಗ್ಗಿ ಎಂಟು ವರ್ಷದ ಹುಡುಗನೊಬ್ಬ ಸತ್ತ. ಅಭಿಮಾನಿಗಳು ಇದನ್ನು ಹೇಳುವುದು ಕಡಿಮೆ. ನಾನು ಹೇಳಿದೆ, ಮೇಷ್ಟ್ರು ಮಾತಾಡಲಿಲ್ಲ. 2000ದ ಏಪ್ರಿಲಿನಲ್ಲಿ ಮೊಮ್ಮಗ ಆಡಮ್ ಮೇಲಿನ ದರ್ಜೆಗೆ ಕಾಲಿಟ್ಟ, ನಾಲ್ಕನೇ ತಲೆಮಾರು. ಮೂರೇ ದಿನಕ್ಕೆ ಮುತ್ತಜ್ಜ ಲೀ ತೀರಿಕೊಂಡ. ಮುಂದಿನ ತಿಂಗಳು ನ್ಯೂ ಹ್ಯಾಂಪ್‌ಷೈರಿನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಆಡಮ್ ಗೋಡೆಗೆ ಬಡಿದು ಹೋದ. ಹತ್ತೊಂಬತ್ತು ವರ್ಷ. ಕಾಯಿಲೆಯ ಮಕ್ಕಳಿಗೊಂದು ಶಿಬಿರ ಕಟ್ಟಬೇಕೆಂಬುದು ಆ ಹುಡುಗನ ಆಸೆಯಾಗಿತ್ತು. ಅಜ್ಜ ಅಜ್ಜಿ ತಮ್ಮ ಜಮೀನು ಬಿಟ್ಟುಕೊಟ್ಟರು, 2004ರಲ್ಲಿ ವಿಕ್ಟರಿ ಜಂಕ್ಷನ್ ಬಾಗಿಲು ತೆರೆಯಿತು.

“200ನೇದು ಯಾವಾಗ?” ಮೇಷ್ಟ್ರು ಮಾತು ಹೊರಳಿಸಿದರು.

1984ರ ಜುಲೈ 4, ಡೇಟೋನಾದಲ್ಲೇ. ಅಧ್ಯಕ್ಷ ರೇಗನ್ ವಿಮಾನದಿಂದಲೇ ಫೋನಿನಲ್ಲಿ ರೇಸು ಶುರುಮಾಡಿಸಿ, ಆಮೇಲೆ ಬಂದು ಕೂತು ನೋಡಿದ. ಕೊನೆಗೆ ಅಪಘಾತದ ಹಳದಿ ಬಾವುಟ ಬಿತ್ತು, ಇನ್ನು ಮೊದಲು ಗೆರೆ ಮುಟ್ಟಿದವನನ್ನು ಯಾರೂ ದಾಟುವಂತಿಲ್ಲ. ಪೆಟ್ಟಿಯೂ ಯಾರ್‌ಬರೊನೂ ಭುಜಕ್ಕೆ ಭುಜ ಕೊಟ್ಟು ಗೆರೆಗೆ ನುಗ್ಗಿದರು. ಪೆಟ್ಟಿ ಕೂದಲೆಳೆಯಷ್ಟು ಮುಂದೆ. ಯಾರ್‌ಬರೊ ರೇಸು ಮುಗಿಯಿತೆಂದು ಒಂದು ಸುತ್ತು ಮೊದಲೇ ಪಿಟ್ಟಿಗೆ ಹೊರಳಿ ಎರಡನೇ ಸ್ಥಾನವನ್ನೂ ಕಳೆದುಕೊಂಡ. ಸುತ್ತಿನ ಲೆಕ್ಕ ಮತ್ತೆ! ಮೇಷ್ಟ್ರು ನನ್ನನ್ನು ಗೆದ್ದವರ ಹಾಗೆ ನೋಡಿದರು.

ಅಲ್ಲಿಗೆ ಸಾಕು ಅನ್ನಬೇಕಿತ್ತು. ಅನ್ನಲಿಲ್ಲ. 1992ರ ತನಕ ಓಡಿಸಿದ, ಒಂದೂ ಗೆಲ್ಲಲಿಲ್ಲ. ಕೊನೆಯ ರೇಸಿನಲ್ಲಿ ಕಾರಿಗೆ ಬೆಂಕಿ ಹತ್ತಿತು. ಅದನ್ನೇ ರಿಪೇರಿ ಮಾಡಿಸಿ ಕೊನೆಯ ಸುತ್ತಿಗೆ ತಂದ, 35ನೇ ಸ್ಥಾನ. ಆ ಎಂಟು ವರ್ಷ ಓಡಿಸಬಾರದಿತ್ತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಜನ ಗೆಲುವು ನೋಡಲು ಬರುತ್ತಿರಲಿಲ್ಲ, ಆ ಟೋಪಿ, ಆ ಕಪ್ಪು ಕನ್ನಡಕ, ಆ ಸಹಿಗೆ ಬರುತ್ತಿದ್ದರು.

ಸಹಿಯ ಕತೆ ಬೇರೆ. ಬೇರೆ ಆಟಗಾರರು ಗೀಚಿ ಎಸೆಯುತ್ತಾರೆ, ಯಾರದ್ದೆಂದು ಮನೆಗೆ ಹೋಗಿ ಪತ್ತೆ ಹಚ್ಚಬೇಕು. ಪೆಟ್ಟಿ ಹುಡುಗನಾಗಿದ್ದಾಗ ಬಿಸಿನೆಸ್ ಕಾಲೇಜಿನಲ್ಲಿ ಕೈಬರಹದ ಪಾಠ ಕಲಿತ. ರೇಸು ಗೆದ್ದಿರಲಿ, ಬಿಟ್ಟಿರಲಿ, ಬೇಲಿಯ ಹತ್ತಿರ ನಿಂತವರಿಗೆಲ್ಲ ಅಕ್ಷರ ಅಕ್ಷರವೂ ಓದಿಸಿಕೊಳ್ಳುವ ಹಾಗೆ ಬರೆದುಕೊಡುತ್ತಾನೆ, ದಶಕಗಳಿಂದ. ರಾಜ ಅನ್ನಿಸಿಕೊಂಡದ್ದು ಅಂಕಿಯಿಂದ ಇದ್ದೀತು. ರಾಜನಾಗಿ ಉಳಿದದ್ದು ಬೇಲಿಯ ಹತ್ತಿರ, ಅದು ನನ್ನ ಲೆಕ್ಕ.

ಮೇಷ್ಟ್ರು ಸಹಿ ತೋರಿಸಿ ಅಂದರು. ಮೊಬೈಲಿನಲ್ಲಿ ತೆಗೆದು ಗೋಡೆಯಾಚೆಗೆ ಚಾಚಿದೆ. ಕನ್ನಡಕ ಹಣೆಗೇರಿಸಿ, ಹಿಗ್ಗಿಸಿ, ಕುಗ್ಗಿಸಿ, ಓರೆಮಾಡಿ ನೋಡಿದರು.

“ಹತ್ತಕ್ಕೆ ಎಂಟು,” ಅಂದರು.

“ಎರಡು ಯಾಕೆ ಕಟ್ಟು?”

“ಸುಳಿ ಜಾಸ್ತಿ ಆಯ್ತು. ಅಷ್ಟೊಂದು ತಿರುವು ಬೇಕಿರಲಿಲ್ಲ.”