ಪ್ರೋಬ್ ಸಾಹೇಬರಿಗೊಂದು ಬಹಿರಂಗ ಪತ್ರ

ಸರ್ವರ್‌ಗಳ ಯೋಗಕ್ಷೇಮ ವಿಚಾರಿಸುವ ಮಾನ್ಯ ಮಾನಿಟರಿಂಗ್ ಪ್ರೋಬ್ ಅವರಿಗೆ,

ನಿಮಿಷಕ್ಕೊಮ್ಮೆ ತಾವು ಡ್ಯಾಶ್‌ಬೋರ್ಡಿಗೆ ಕಳಿಸುವ ಹಸಿರು ಚುಕ್ಕೆಗಳು ತಪ್ಪದೆ ತಲುಪುತ್ತಿವೆ. ಅದೇ ಹೊತ್ತಿಗೆ ಗ್ರಾಹಕರ ಬೈಗುಳವೂ ಫೋನಿನಲ್ಲಿ ಬರುತ್ತಿದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು. ಅದು ತಾವಲ್ಲ ಎಂಬುದು ಮೇಲಧಿಕಾರಿಗಳ ಅಚಲ ನಂಬಿಕೆ.

ತಮ್ಮ ಪಿಂಗ್ ಭಕ್ತಿಗೆ ಮೊದಲ ನಮಸ್ಕಾರ. 1983ರಲ್ಲಿ ಮೈಕ್ ಮೂಸ್ ಅದನ್ನು ಬರೆದದ್ದು ನೆಟ್‌ವರ್ಕ್ ದಾರಿ ಎಲ್ಲಿ ಕೆಟ್ಟಿದೆ ಎಂದು ಹುಡುಕಲು. ತಾವು ಅದರಿಂದಲೇ ಇಡೀ ಬಿಲ್ಲಿಂಗ್ ವ್ಯವಸ್ಥೆಯ ಆರೋಗ್ಯ ಹೇಳಿಬಿಡುತ್ತೀರಿ. ಎದುರು ಸಿಕ್ಕವರಿಗೆ ‘ಊಟ ಆಯ್ತಾ?’ ಎಂದು ಕೇಳಿ, ಅವರು ‘ಹ್ಞೂಂ’ ಎನ್ನುವಷ್ಟರಲ್ಲಿ ಬೀದಿ ತಿರುಗಿರುವ ನಮ್ಮವರ ಹಾಗೆ. ಆ ‘ಹ್ಞೂಂ’ ಕೂಡ ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ ಹೇಳಿದ್ದು. ಒಳಗೆ ಡೇಟಾಬೇಸ್ ಮೂರ್ಛೆ ಹೋಗಿದ್ದರೂ ಅದರ ಸೌಜನ್ಯಕ್ಕೆ ಕುಂದಿಲ್ಲ.

ಪೋರ್ಟ್ ಪರೀಕ್ಷೆಯಲ್ಲೂ ತಾವು ಉದಾರಿಗಳು. 25ನೇ ಪೋರ್ಟಿಗೆ ಟಿಸಿಪಿ ಸಂಪರ್ಕ ಸಿಕ್ಕಿತೋ, ಮೇಲ್ ಸೇವೆ ಪಾಸ್. ಆ ಹ್ಯಾಂಡ್‌ಶೇಕ್ ಮುಗಿಸುವುದೂ ಕರ್ನಲ್ಲೇ. ಮೇಲ್ ಪ್ರೋಗ್ರಾಂ ಹ್ಯಾಂಗ್ ಆಗಿದ್ದರೂ ಕ್ಯೂ ತುಂಬುವವರೆಗೆ ಸಂಪರ್ಕ ಸಿಗುತ್ತಲೇ ಇರುತ್ತದೆ. ಒಂದು ಗಳಿಗೆ ನಿಂತು ‘220’ ಎಂದು ಶುರುವಾಗುವ ಸಾಲು ಬರುತ್ತದೆಯೇ ಎಂದು ನೋಡಬಹುದಿತ್ತು, ಆದರೆ ತಮಗೆ ಪುರುಸೊತ್ತಿಲ್ಲ. ವೆಬ್‌ಸೈಟಿನದೂ ಅದೇ ಕತೆ: ‘ಕ್ಷಮಿಸಿ, ಡೇಟಾಬೇಸ್ ಸಿಗುತ್ತಿಲ್ಲ’ ಎಂಬ ಪುಟಕ್ಕೆ ‘ಎಲ್ಲ ಸರಿ’ ಎನ್ನುವ 200 ಅಂಟಿಸಿ ಕಳಿಸಿದರೂ ತಮಗೆ ತೃಪ್ತಿ. ಪುಟದಲ್ಲಿ ಇಂಥ ಪದ ಇರಲೇಬೇಕು ಎಂದು ಕಾನ್ಫಿಗ್‌ನಲ್ಲಿ ಒಂದು ಸಾಲು ಬರೆದವರಿಲ್ಲ. ಬರೆದಿದ್ದರೆ ಕೆಂಪು ಕಾಣಿಸುತ್ತಿತ್ತಲ್ಲ!

ತಮ್ಮನ್ನು ನೇಮಿಸಿದವರ ಜಾಣತನ ಇನ್ನೂ ದೊಡ್ಡದು. ಪ್ರೊಮೀಥಿಯಸ್‌ನಲ್ಲಿ ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್ ಇಟ್ಟು, ಅಲರ್ಟನ್ನು ‘ಅಪ್’ ಎಂಬ ಅಂಕಿಗೆ ಕಟ್ಟಿದ್ದಾರೆ. ಅದು 1 ಆಗಿದ್ದರೆ ಎಕ್ಸ್‌ಪೋರ್ಟರ್ ಮಾತಾಡಿತು ಎಂದಷ್ಟೇ ಅರ್ಥ. ಸೈಟ್ ಬಿದ್ದರೆ 0 ಆಗುವುದು ಪಕ್ಕದ ‘ಪ್ರೋಬ್ ಸಕ್ಸೆಸ್’. ಅದರ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ಒಟ್ಟಿನಲ್ಲಿ ತಾವು ಆರೋಗ್ಯವಾಗಿದ್ದೀರಿ, ಸಂತೋಷ. ಸಾಲದ್ದಕ್ಕೆ ತಮ್ಮ ಬಿಡಾರವೂ ತಾವು ಪರೀಕ್ಷಿಸುವ ಅದೇ ಸರ್ವರ್‌ನಲ್ಲಿ: 127.0.0.1 ವಿಚಾರಿಸಲು ಫೈರ್‌ವಾಲ್ ದಾಟಬೇಕಿಲ್ಲ, ಡಿಎನ್‌ಎಸ್ ಕೇಳಬೇಕಿಲ್ಲ. ತಮ್ಮಂತೆಯೇ ಸರ್ವರ್ ಕಾಯುವ ನಾಗಿಯೋಸ್ ಮನೆತನದವರು ಸರಿ, ಎಚ್ಚರ, ಗಂಭೀರ ಎನ್ನಲು 0, 1, 2 ಇಟ್ಟುಕೊಂಡು, ‘ಗೊತ್ತಿಲ್ಲ’ ಎನ್ನಲು 3 ಉಳಿಸಿದ್ದರು. ಅಷ್ಟು ಸಂಕೋಚ ತಮಗಿಲ್ಲ.

ಹಾಗೆಂದು ಅತಿ ನಿಷ್ಠೆಯೂ ಬೇಡ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನ ಬ್ಯಾಕ್‌ಬೋನ್ ಕಡಿದಾಗ, ಅಲ್ಲಿನ ಡಿಎನ್‌ಎಸ್ ಸರ್ವರ್‌ಗಳು ಡೇಟಾ ಸೆಂಟರ್ ಸಿಗುತ್ತಿಲ್ಲವಾದ್ದರಿಂದ ದೋಷ ತಮ್ಮ ಸಂಪರ್ಕದ್ದೇ ಎಂದು ಬಗೆದು, ನಿಯಮದಂತೆ ತಮ್ಮ ಬಿಜಿಪಿ ದಾರಿಗಳನ್ನು ತಾವೇ ಹಿಂತೆಗೆದುಕೊಂಡವು. ಸರ್ವರ್‌ಗಳು ನಡೆಯುತ್ತಿದ್ದವು, ವಿಳಾಸ ಮಾತ್ರ ಲೋಕಕ್ಕೆ ಸಿಗಲಿಲ್ಲ. ಸುಮಾರು ಆರು ಗಂಟೆ ವಾಟ್ಸ್ಆ್ಯಪ್ ಸಹಿತ ಎಲ್ಲ ಸ್ತಬ್ಧ.

ನನ್ನ ಅರಿಕೆ ಸಣ್ಣದು. ಹೊರಗಿನ ಒಂದು ಸರ್ವರ್‌ಗೆ ಬಿಡಾರ ಬದಲಿಸಿ, ಐದು ನಿಮಿಷಕ್ಕೊಮ್ಮೆ ನಿಜವಾದ ಒಂದು ಮೇಲ್ ಕಳಿಸಿ, ಇನ್‌ಬಾಕ್ಸಿಗೆ ಬಿತ್ತೇ ನೋಡಿ. ಒಮ್ಮೆ ಬರದಿದ್ದರೆ ಸುಮ್ಮನಿರಿ; ಸತತ ಮೂರು ಸಲ ಬರದಿದ್ದರೆ ನನ್ನನ್ನು ಎಬ್ಬಿಸಿ. ಕೆಂಪು ಯಾಕೆ ಬಂತು ಎಂದು ಮೇಲಧಿಕಾರಿಗಳು ಕೇಳಿದರೆ ಉತ್ತರ ನಾನು ಕೊಡುತ್ತೇನೆ.

ಇಂತಿ ತಮ್ಮ ವಿಧೇಯ,
ರಾತ್ರಿ ಪಾಳಿಯವನು