ಬೀದಿ ನಾಯಿಗೊಬ್ಬ ಕಿಲಾರಿ

ನಾಯಕನಹಟ್ಟಿ ಸೀಮೆಯಲ್ಲಿ ಕೆಲಸ ಮಾಡದೆ ಮರ್ಯಾದೆಯಿಂದ ಬದುಕಬೇಕೆಂದರೆ ದೇವರ ಎತ್ತಾಗಿ ಹುಟ್ಟಬೇಕು. ಮನುಷ್ಯರಾಗಿ ಹುಟ್ಟಿ ಅದನ್ನೇ ಸಾಧಿಸಲು ಹೊರಟ ಕೆಲವರನ್ನು ಹೋಟೆಲ್ ಮುಂದಿನ ಕಟ್ಟೆಯ ಮೇಲೆ ದಿನಾ ನೋಡುತ್ತೇನೆ. ಅವರಿಗೆ ಬಿಡುವು ಸಿಕ್ಕಿದೆ, ಮರ್ಯಾದೆ ಇನ್ನೂ ಸಿಕ್ಕಿಲ್ಲ. ದೇವರ ಎತ್ತಿಗೆ ಎರಡೂ ಉಂಟು. ಅದರ ಹೆಗಲ ಮೇಲೆ ನೊಗ ಇಡುವಂತಿಲ್ಲ. ಸಂತೆಗೆ ಹೊಡೆದುಕೊಂಡು ಹೋಗಿ ಮಾರುವಂತಿಲ್ಲ. ವಯಸ್ಸಾಗಿ ಸತ್ತರೆ ಮನೆಯವರಿಗೆ ಮಾಡುವ ಹಾಗೆ ಮಣ್ಣು ಮಾಡುತ್ತಾರೆ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಮ್ಯಾಸಬೇಡ ಸಮುದಾಯದ ಹಟ್ಟಿಗಳಲ್ಲಿ ಇದು ತಲೆತಲಾಂತರದಿಂದ ನಡೆದುಬಂದ ಕಟ್ಟು. ದೇವರಿಗೊಂದು ಹಿಂಡು, ಹಿಂಡಿಗೊಂದು ರೊಪ್ಪ, ಅಂದರೆ ದೊಡ್ಡಿ. ಎತ್ತು ಎಂದು ಕರೆದರೂ ಹಿಂಡಿನಲ್ಲಿ ಹಸು, ಕರು, ಹೋರಿ ಎಲ್ಲವೂ ಇರುತ್ತವೆ.

ಆ ಹಿಂಡಿನ ಹಿಂದೆ ಒಬ್ಬ ಮನುಷ್ಯ ಇರುತ್ತಾನಲ್ಲ, ನನಗೆ ಕುತೂಹಲ ಇರುವುದು ಅವನ ಮೇಲೆ. ಅವನೇ ಕಿಲಾರಿ. ಮೇಯಿಸುವವನು, ನೀರಿಗೆ ಬಿಡುವವನು, ಕಾಲಿಗೆ ಮುಳ್ಳು ಹೊಕ್ಕರೆ ಕೀಳುವವನು, ರಾತ್ರಿ ಕಂಬಳಿ ಹೊದ್ದು ರೊಪ್ಪದ ಪಕ್ಕ ಮಲಗುವವನು. ಎತ್ತು ಇಡೀ ಹಟ್ಟಿಯದು, ಹರಕೆ ಎಲ್ಲರದು, ಭಕ್ತಿಯೂ ಎಲ್ಲರದು. ಆದರೆ ಇವತ್ತು ಕೆಂದೆತ್ತು ಯಾಕೆ ಮೇವು ಮುಟ್ಟಲಿಲ್ಲ ಎಂದು ಕೇಳಿದರೆ ಉತ್ತರ ಹೇಳಬೇಕಾದವನು ಅವನೊಬ್ಬನೇ. ನಮ್ಮ ಹಿರಿಯರು ಪ್ರೀತಿಯನ್ನು ನಂಬಿದರು ನಿಜ, ಅದನ್ನೊಂದನ್ನೇ ನಂಬಿ ಕೂರಲಿಲ್ಲ. ಜತೆಗೊಬ್ಬ ಕಿಲಾರಿಯನ್ನೂ ನೇಮಿಸಿದರು.

   

ಎತ್ತಿನ ವಿಷಯ ಇಷ್ಟು ಅಚ್ಚುಕಟ್ಟಾಗಿರುವ ಊರಿನಲ್ಲಿ ನಾಯಿಯ ವಿಷಯ ಮಾತ್ರ ಬಹಳ ಗೋಜಲು. ನಮ್ಮ ಬೀದಿಯ ಕಂದು ನಾಯಿಯನ್ನೇ ನೋಡಿ. ಕೊನೆಯ ಮನೆಯ ಅಜ್ಜಿಗೆ ಅದು ಕೆಂಚ. ಮೇಷ್ಟ್ರ ಮಗಳಿಗೆ ಬ್ರೌನಿ. ಹೋಟೆಲಿನವನಿಗೆ ರಾಜ. ಕೋಳಿ ಅಂಗಡಿಯವನಿಗೆ ‘ಹಚಾ’. ನಾಲ್ಕು ಹೆಸರಿಗೂ ಅದು ಓಗೊಡುತ್ತದೆ, ಕೊನೆಯದಕ್ಕೆ ಸ್ವಲ್ಪ ದೂರದಿಂದ. ನಾಯಿಗಳಿಗೂ ಪಡಿತರ ಚೀಟಿ ಕೊಡುವ ಕಾಲ ಬಂದರೆ ಇದರ ಹೆಸರು ಮೂರು ಮನೆಯ ಚೀಟಿಯಲ್ಲಿ ಸಿಕ್ಕಿ ತಹಶೀಲ್ದಾರರಿಗೆ ತಲೆನೋವಾದೀತು. ಬೆಳಿಗ್ಗೆ ಅಜ್ಜಿಯ ಮುದ್ದೆಯ ತುಣುಕು, ಹತ್ತು ಗಂಟೆಗೆ ಹೋಟೆಲಿನ ಒಡೆದ ಇಡ್ಲಿ, ಸಂಜೆ ಹುಡುಗಿಯ ಬಿಸ್ಕತ್ತು. ಊರಿನಲ್ಲಿ ಮಳೆ ತಪ್ಪಿದರೂ ಇದರ ಊಟ ತಪ್ಪಿದ್ದಿಲ್ಲ.

ಒಂದು ಸಲ ಅದರ ಕಿವಿಯ ಹಿಂದೆ ಗಾಯವಾಗಿ ಹುಳು ಬಿತ್ತು. ನೋಡಿ, ಆವತ್ತಿನಿಂದ ಅದು ಯಾರ ನಾಯಿಯೂ ಅಲ್ಲ. ‘ನಮ್ಮದಲ್ಲಪ್ಪ, ಸುಮ್ಮನೆ ಬರ್ತಿತ್ತು’ ಎಂದು ಹೋಟೆಲಿನವನು ಅಂದ. ಮೇಷ್ಟ್ರು ಮಗಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಬಾಗಿಲು ಹಾಕಿದವರೂ ಕಿಟಕಿಯಿಂದ ಸಲಹೆ ಕೊಡುವುದನ್ನು ಬಿಡಲಿಲ್ಲ. ಒಬ್ಬರು ಫಿನಾಯಿಲ್ ಸುರಿ ಎಂದರು, ಇನ್ನೊಬ್ಬರು ಸೀಮೆಎಣ್ಣೆ ಎಂದರು, ಮತ್ತೊಬ್ಬರು ಸೀತಾಫಲದ ಎಲೆ ಅರೆದು ಹಚ್ಚಿ ಎಂದರು. ಹಸಿ ಗಾಯಕ್ಕೆ ಫಿನಾಯಿಲ್, ಸೀಮೆಎಣ್ಣೆ ಬಿದ್ದರೆ ಹುಳುವಿನ ಜತೆ ಚರ್ಮವೂ ಸುಡುತ್ತದೆ ಎಂಬುದು ಯಾರ ಗಮನಕ್ಕೂ ಬಂದಂತಿರಲಿಲ್ಲ. ಕೊನೆಗೆ ಪಶುವೈದ್ಯರ ಹತ್ತಿರ ಕರೆದೊಯ್ದದ್ದು ಆ ಅಜ್ಜಿಯೇ. ನಾಯಿಯ ಮೇಲೆ ಹಳೇ ಕಂಬಳಿ ಹಾಕಿ ತಬ್ಬಿ ಹಿಡಿದುಕೊಂಡರು. ಹತ್ತಿರ ಹೋಗಲು ಹೆದರಿ ನಿಂತಿದ್ದ ನನಗೆ, ‘ಯಾಕಪ್ಪಾ ಹಂಗೆ ಮುಖ ಕಿವುಚ್ತೀಯ, ನೋವಾಗಿರೋದು ಅದಕ್ಕೆ ಕಣಪ್ಪ, ನಿನಗಲ್ಲ’ ಎಂದರು. ಗಾಯ ಮಾಯಿತು. ಮಾದ ಮೇಲೆ ಅದು ಮತ್ತೆ ಮೂರು ಮನೆಯ ನಾಯಿಯಾಯಿತು. ಪ್ರೀತಿಗೆ ಮೂರು ಮನೆ, ಹುಳು ಬಿದ್ದ ಕಿವಿಗೆ ಒಂದೇ ಮನೆ.

ನಾಯಿಯ ಮೇಲಿನ ಮೋಹ ನಮ್ಮವರಿಗೆ ಹೊಸದೇನಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನೆನೆಯಿರಿ. ಕ್ರಿ.ಶ. 949–50ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗ ದೊರೆ ಬೂತುಗ, ಏನು ಬೇಕೋ ಕೇಳು ಎಂದ. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಊರು ಕೇಳುತ್ತಿದ್ದರು. ಈ ಪುಣ್ಯಾತ್ಮ ದೊರೆಯ ಬೇಟೆನಾಯಿ ಕಾಳಿಯನ್ನು ಕೇಳಿದ. ಮುಂದೆ ಕಾಳಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಮಣಲೇರ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಡಿಸಿದ. ಅತ್ತು ಕಲ್ಲು ನೆಟ್ಟು ಸುಮ್ಮನೆ ಮನೆಗೆ ಹೋಗಲಿಲ್ಲ. ಪೂಜೆಗೆ ಭೂಮಿಯನ್ನೂ ಬಿಟ್ಟ, ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪೂಜಾರಿ ಗೊರವನಿಗೆ ಪಾಪ ಎಂದೂ ಬರೆಸಿದ. ನೋಡಿಕೊಳ್ಳುವವನು ಯಾರು, ಅವನ ಖರ್ಚಿಗೆ ಏನು, ತಪ್ಪಿದರೆ ಏನು ಎಂಬ ಮೂರನ್ನೂ ಕಲ್ಲಿನಲ್ಲಿ ಕೊರೆಸಿದ ಜಾಣ ಅವನು. ಸತ್ತ ನಾಯಿಗೇ ಇಷ್ಟು ಏರ್ಪಾಟು.

ಅಷ್ಟು ದೂರ ಯಾಕೆ, ನಮ್ಮ ಮೊಳಕಾಲ್ಮುರು ತಾಲ್ಲೂಕಿಗೇ ಬನ್ನಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎಂಬ ಸಾಲಿನಲ್ಲೇ ಪ್ರಾಣಿಗಳ ಮೇಲಿನ ದಯೆ ಗಟ್ಟಿಯಾಗಿರಬೇಕು ಎಂಬ ಮಾತೂ ಅಲ್ಲಿದೆ. ಈಗಿನ ಹುಡುಗರು ಮೊದಲೆರಡನ್ನು ಬಿಟ್ಟು ಮೂರನೆಯದನ್ನು ಹಿಡಿದಿದ್ದಾರೆ ಎಂದು ನನ್ನ ಸ್ನೇಹಿತರೊಬ್ಬರು ಗೊಣಗುತ್ತಾರೆ. ಅಶೋಕನೂ ಒಂದೇ ದಿನಕ್ಕೆ ದಯಾಮೂರ್ತಿ ಆದವನಲ್ಲ. ಬೇರೆ ಕಡೆಯ ಶಾಸನವೊಂದರಲ್ಲಿ, ತನ್ನ ಅಡುಗೆಮನೆಯಲ್ಲಿ ಈಗ ದಿನಕ್ಕೆ ಎರಡು ನವಿಲು, ಒಂದು ಜಿಂಕೆ ಮಾತ್ರ, ಜಿಂಕೆಯೂ ದಿನಾ ಅಲ್ಲ, ಮುಂದೆ ಈ ಮೂರೂ ಇರುವುದಿಲ್ಲ ಎಂದು ಹೇಳಿಕೊಂಡಿದ್ದಾನೆ. ಸಕ್ಕರೆ ಕಾಯಿಲೆಯವರು ಡಾಕ್ಟರ ಮುಂದೆ ಮೈಸೂರುಪಾಕಿನ ಲೆಕ್ಕ ಒಪ್ಪಿಸುವ ಧಾಟಿ ಅದು. ಆದರೂ ಮೆಚ್ಚಬೇಕು, ಲೆಕ್ಕ ಇಟ್ಟ.

ನಾಯಕನಹಟ್ಟಿಗೆ ಬಂದವರು ಗುರು ತಿಪ್ಪೇರುದ್ರಸ್ವಾಮಿಯನ್ನು ನೆನೆಯದೆ ಹೋಗುವಂತಿಲ್ಲ. ಸತ್ತ ಎಮ್ಮೆಯನ್ನು ಎಬ್ಬಿಸಿ ಹಾಲು ಕರೆಸಿದರು ಎಂಬ ಪವಾಡವನ್ನು ಭಕ್ತರು ಹೇಳುತ್ತಾರೆ. ನನಗೆ ಅದಕ್ಕಿಂತ ಹತ್ತಿರದ್ದು ಅವರು ಕೆರೆ ಕಟ್ಟಿಸಿದ ಕಥೆ. ಈ ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದವನು ಮನುಷ್ಯರಿಗೆ ಮಾತ್ರ ಕಟ್ಟಿಸಿರುವುದಿಲ್ಲ. ನೀರಿನ ಅಂಚಿನಲ್ಲಿ ದನದ ಗೊರಸಿನ ಗುರುತೂ ಕುರಿಯ ಹೆಜ್ಜೆಯೂ ಇದ್ದೇ ಇರುತ್ತವೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಗುರುಗಳ ಮಾತು ಇಲ್ಲಿನ ಎಲ್ಲರ ಬಾಯಲ್ಲಿದೆ. ಅದನ್ನು ಪೂರ್ತಿ ಅರಗಿಸಿಕೊಂಡಿರುವುದು ಮಾತ್ರ ನಮ್ಮ ಬೀದಿಯ ನಾಯಿ. ಯಾವ ಮನೆಯವರು ಎಷ್ಟು ಹಾಕುತ್ತಾರೋ ಆ ಮನೆಯ ಮುಂದೆ ರಾತ್ರಿ ಅಷ್ಟೇ ಬೊಗಳುತ್ತದೆ.

ಸ್ವಾಮಿಯ ಫಾಲ್ಗುಣದ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಬರುವವರು ಈಗಲೂ ಇದ್ದಾರೆ. ಬಂದವರು ಮೊದಲು ಎತ್ತಿನ ಕೊರಳ ಹಗ್ಗ ಬಿಚ್ಚಿ ನೀರು ತೋರಿಸಿ, ಮೇವು ಹಾಕಿ, ಆಮೇಲೆ ತಮ್ಮ ಬುತ್ತಿ ಬಿಚ್ಚುತ್ತಾರೆ. ಪ್ರಾಣಿಪ್ರೀತಿಯ ಬಗ್ಗೆ ಅವರನ್ನು ವೇದಿಕೆ ಹತ್ತಿಸಿದರೆ ಎರಡು ಮಾತು ಆಡಲಾರರು. ಊಟದ ಸರದಿ ಮಾತ್ರ ತಪ್ಪಿಸುವುದಿಲ್ಲ. ರಥ ಎಳೆಯುವ ದಿನ ಕೊಬ್ಬರಿ ಸುಡುವ ಹೊಗೆ, ಜನದ ನೂಕುನುಗ್ಗಲು, ಪೀಪಿಯ ಸದ್ದು ಇವೆಲ್ಲದರ ನಡುವೆ ಊರ ನಾಯಿಗಳು ಮಾತ್ರ ಎಲ್ಲಿಗೋ ಮಾಯವಾಗಿರುತ್ತವೆ. ಜಾತ್ರೆ ಮುಗಿದ ಮೇಲೆ ಹೊಟ್ಟೆ ಉಬ್ಬಿಸಿಕೊಂಡು ಬರುತ್ತವೆ. ಎಂಜಲೆಲೆಯ ಜತೆ ಪ್ಲಾಸ್ಟಿಕ್ಕನ್ನೂ ನುಂಗಿರುತ್ತವೆ ಎಂಬುದು ನಗುವ ವಿಷಯವಲ್ಲ.

ಊರಿನಿಂದ ಸ್ವಲ್ಪ ಆಚೆ ಕುದಾಪುರ, ವರವು ಕಡೆ ಅಮೃತಮಹಲ್ ಕಾವಲಿನ ಹುಲ್ಲುಗಾವಲು. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದವು. ಅವಕ್ಕಾಗಿ ಮೀಸಲಿಟ್ಟ ಕಾವಲುಗಳಲ್ಲಿ ಇಲ್ಲಿನವೂ ಸೇರಿವೆ. ಈಗ ಸುಮಾರು ಹತ್ತು ಸಾವಿರ ಎಕರೆ ಡಿಆರ್‌ಡಿಒ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರಗಳ ಪಾಲಾಗಿದೆ. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆಯ ಬಾಹ್ಯಾಕಾಶ ವಾಹನ ಇಲ್ಲಿನ ರನ್‌ವೇಯಲ್ಲಿ ತಾನೇ ತಾನಾಗಿ ಬಂದಿಳಿಯಿತು. ನಾವೆಲ್ಲ ಹೆಮ್ಮೆಪಟ್ಟೆವು, ಪಡಬೇಕಾದದ್ದೇ. ಆಕಾಶದಿಂದ ಇಳಿಯುವುದಕ್ಕೆ ಜಾಗ ಸಿಕ್ಕಿತು. ನೆಲದ ಮೇಲೆ ಮೇಯುವುದಕ್ಕೆ ಜಾಗ ಹುಡುಕುವ ಕುರಿಗಾಹಿ ಆ ಸಂಸ್ಥೆಗಳ ಗೋಡೆಯ ಗುಂಟ ಸುತ್ತಿ ಹೋಗುತ್ತಾನೆ. ಬರ ಬಂದಾಗ ದೇವರ ಎತ್ತಿಗೂ ದಾನಿಗಳ ಮೇವಿನ ಟ್ರ್ಯಾಕ್ಟರ್‌ಗೆ ಕಾಯುವ ಸ್ಥಿತಿ. ಕೊಂಬಿಗೆ ಬಣ್ಣ ಬಳಿದು ಕೈಮುಗಿದರೆ ಸಾಲದು, ಹುಲ್ಲನ್ನೂ ಉಳಿಸಬೇಕು ಎಂಬುದು ಕಿಲಾರಿಗಳಿಗೆ ಗೊತ್ತು. ಗೊತ್ತಾಗಬೇಕಾದವರು ಬೇರೆಯವರಿದ್ದಾರೆ.

ನನ್ನ ಮಾತು ಇಷ್ಟೆ. ಪ್ರಾಣಿಗಳನ್ನು ಪ್ರೀತಿಸುವವರಿಗೆ ನಮ್ಮಲ್ಲಿ ಬರ ಇಲ್ಲ, ಬರ ಇರುವುದು ಕಿಲಾರಿಗಳಿಗೆ. ನಾಯಿಗೆ ಬಿಸ್ಕತ್ತು ಹಾಕುವ ಕೈಗಳಲ್ಲಿ ಒಂದಾದರೂ ಅದನ್ನು ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆಗೆ ಕರೆದೊಯ್ಯಲಿ. ಸಂತಾನ ನಿಯಂತ್ರಣದ ಶಸ್ತ್ರಚಿಕಿತ್ಸೆ ಮಾಡಿಸಲಿ. ಮರಿಗಳನ್ನು ಚೀಲದಲ್ಲಿ ತುಂಬಿ ಹೆದ್ದಾರಿಯ ಬದಿ ಬಿಟ್ಟುಬರುವುದಕ್ಕಿಂತ ಅದು ಪುಣ್ಯದ ಕೆಲಸ. ಕಚ್ಚಿಸಿಕೊಂಡವರು ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಲಿ, ಸುಣ್ಣ ಅರಿಸಿನ ಹುಡುಕುತ್ತ ಕೂರುವುದು ಬೇಡ. ದನಕರು ಕಾಯಿಲೆ ಬಿದ್ದು ಮಲಗಿದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಮಾರ್ಚಿನಿಂದ ಮಳೆ ಬರುವವರೆಗೆ ಮನೆಯ ಮುಂದೆ ಒಂದು ಬಾನಿ ನೀರಿಡಿ, ದಿನಾ ಬದಲಿಸಿ.

ಇದಕ್ಕೆಲ್ಲ ಯಾವ ಹಟ್ಟಿಯ ಹಿರಿಯರ ಅಪ್ಪಣೆಯೂ ಬೇಕಿಲ್ಲ. ನಿಮ್ಮ ಬೀದಿಯ ಒಂದೇ ಒಂದು ಪ್ರಾಣಿಯನ್ನು ತೋರಿಸಿ ‘ಇದು ನಮ್ಮದು’ ಅನ್ನಿ. ಅದು ಬಾಲ ಅಲ್ಲಾಡಿಸುವ ದಿನ ಎಲ್ಲರೂ ಅನ್ನುತ್ತಾರೆ. ಹುಳು ಬಿದ್ದ ದಿನವೂ ನೀವು ಅನ್ನಿ.