ಹಬ್ಬ ಒಂದು, ಊಟ ಎರಡು

ಈಸ್ಟರ್ ಹಬ್ಬವನ್ನು ಹುಣ್ಣಿಮೆಯ ಲೆಕ್ಕದಿಂದ ಗೊತ್ತುಮಾಡಿದ ಪ್ರಾಚೀನ ಪಂಡಿತರು, ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗಿನ ಯಾವುದಾದರೊಂದು ಭಾನುವಾರಕ್ಕೆ ಬೀಳುವಂತೆ ವಿಧಿಸಿದರಲ್ಲದೆ, ಅಂದಿನ ಊಟ ಯಾರ ಮನೆಯಲ್ಲೆಂಬ ಗಹನಪ್ರಶ್ನೆಯನ್ನು ಸಂಸಾರಿಗಳ ತಲೆಗೇ ಕಟ್ಟಿ ಕೈತೊಳೆದುಕೊಂಡರು.

ರಾಯಚೂರಿನಲ್ಲಿ ಮನೆ, ಮಾನ್ವಿಯಲ್ಲಿ ಅಣ್ಣ, ದೇವದುರ್ಗದಲ್ಲಿ ಅತ್ತೆ: ಈ ತ್ರಿಕೋಣದಲ್ಲಿ ಸಿಲುಕಿದ ನನ್ನಂಥ ಗೃಹಸ್ಥನು, ಹಬ್ಬಕ್ಕೆ ಮುಂಚಿನ ಉಪವಾಸಕಾಲದಲ್ಲಿ 40 ದಿನ ಮಾಂಸ ವರ್ಜಿಸಿ ಗಳಿಸಿದ ಚಿತ್ತಶಾಂತಿಯನ್ನು ಒಂದೇ ಫೋನಿನಲ್ಲಿ ಕಳೆದುಕೊಳ್ಳುವನು. “ಮಾನ್ವಿಗೆ ಹೊಂಟೀರಂತ, ಹೋಗ್ರಿ, ನಮ್ಮನ್ಯಾಗ ಬರೇ ಅನ್ನ-ಸಾರು ಐತಿ” ಎಂದು ಅತ್ತೆಯವರು ನುಡಿದರೆ, ಬಿರಿಯಾನಿಗೆ ಮಾಂಸ ಹೇಳಿಟ್ಟಾಗಿದೆಯೆಂದೇ ಭಾವಾರ್ಥ. ಅತ್ತ ಅತ್ತಿಗೆಯವರು ಜೋಳದ ರೊಟ್ಟಿ ಬಡಿದು, ಮಟನ್ ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿ, ಮಕ್ಕಳು ಅತ್ತರೂ ಅದನ್ನು ತೆಗೆಯಗೊಡದೆ ಕಾದಿರುವರು.

ಬೆಳಗಿನ ಆರಾಧನೆ ಮುಗಿಸಿ ಮಾನ್ವಿಯಲ್ಲಿ ನಾಷ್ಟಾ, ಮಧ್ಯಾಹ್ನ ದೇವದುರ್ಗದಲ್ಲಿ ಊಟವೆಂಬ ಸಂಧಾನಸೂತ್ರವನ್ನು ನಾನು ರಚಿಸಿದ್ದುಂಟು. ಆದರೆ ಮಾನ್ವಿಯ ನಾಷ್ಟಾ ಊಟದ ರೂಪವನ್ನೇ ತಾಳಿತಾಗಿ, ಆ ಭಾರವನ್ನು ಹೊತ್ತು ನಮ್ಮ ಸೀಮೆಯ ಬಿಸಿಲಿನಲ್ಲಿ ಬಸ್ಸೇರಿದವನಿಗೆ ಉಪವಾಸಕಾಲವೇ ಸುಖವೆನಿಸದಿರದು. ಹೊಸ್ತಿಲಲ್ಲೇ ಅತ್ತೆಯವರ ಪ್ರಶ್ನೆ: “ಅಲ್ಲೇನು ಉಂಡ್ರಿ?” ಏನೂ ಇಲ್ಲವೆಂದರೆ ಅಣ್ಣನಿಗೆ ದ್ರೋಹ, ಎಲ್ಲವೂ ಇತ್ತೆಂದರೆ ಅತ್ತೆಗೆ ಅಪಮಾನ, ನಾನು ಕುಡಿಯಲು ನೀರು ಕೇಳುತ್ತೇನೆ.